ಗುಡ್ಡದ ಆಸ್ಪತ್ರೆಯ ಹಳೇ ಕಂಪ್ಯೂಟರ್

ಗುಂಡಾ,

ಊಟದ ಮೇಜಿನ ಮೇಲಿರೋ ಹಳೇ ಕಂಪ್ಯೂಟರ್ ಆರಿಸಬೇಡ. ನಿನ್ನೆ ನಿನ್ನ ಫೋನ್ ಚಾರ್ಜಿಗೆ ಅದರ ಪ್ಲಗ್ ಕಿತ್ತೆಯಲ್ಲ, ಆಫೀಸಿನ ಹೊಸ ಸರ್ವರ್‌ಗೆ ಅದನ್ನ ಜೋಡಿಸಿ ಮಾಡ್ತಿದ್ದ ನನ್ನ ಪರೀಕ್ಷೆಯೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಫೋನ್ ಸಿಗ್ನಲ್ ಇಲ್ಲದ ಆ ಗುಡ್ಡದ ಆಸ್ಪತ್ರೆಯಲ್ಲಿ, ನರ್ಸ್ ಆಗಿರೋ ನಮ್ಮಮ್ಮ ಆಂಬುಲೆನ್ಸ್ ಕೇಳೋದು ಇಂಥದ್ದರಲ್ಲೇ. ಅದು ನಮ್ಮ ಆಂಬುಲೆನ್ಸ್ ಆಫೀಸಿನ ಸರ್ವರ್ ಜೊತೆ ಸಂಪರ್ಕ ಹಿಡಿದೇ ಇರುತ್ತೆ. ಹೊಸ ಸರ್ವರ್ "ಹೂಂ" ಅಂದು, ಸದ್ದಿಲ್ಲದೆ ಸಂಪರ್ಕ ಬಿಟ್ಟುಬಿಡುತ್ತೆ. ಹಳೇದಕ್ಕೆ ಗೊತ್ತೇ ಆಗಲ್ಲ, ಕಾಯ್ತಾನೇ ಇರುತ್ತೆ; ಆಂಬುಲೆನ್ಸ್ ಬರಲ್ಲ. ಇವತ್ತು ಬೆಳಿಗ್ಗೆ ಪರೀಕ್ಷೆ ಮಾಡಿದಾಗಲೂ ಹಾಗೇ ಆಯ್ತು.

ಮ್ಯಾನೇಜರ್‌ಗೆ ಹೇಳಿದೆ. "ಈ ಹಳೇ ಮಷೀನುಗಳನ್ನ ಇನ್ನೆಷ್ಟು ದಿನ ಹೊತ್ಕೊಂಡು ತಿರುಗೋದು? ನಾಳೆ ಹೊಸ ಸರ್ವರ್ ಹಾಕ್ತೀವಿ" ಅಂದ್ರು.

ಕಳೆದ ವಾರ ಬಂದಾಗ, ಹಳೇ ಮಷೀನು ಇನ್ನು ನಡೆಯಲ್ಲವಂತೆ ಅಂದಿದ್ದಕ್ಕೆ ಅಮ್ಮ ನಕ್ಕಿದ್ದಳು: "ಹಾಗಾದ್ರೆ ನನ್ನನ್ನೂ ಅದರ ಜೊತೆ ಗುಜರಿಗೆ ಹಾಕು." ನನಗೆ ನಗು ಬರಲಿಲ್ಲ. ಆ ಆಸ್ಪತ್ರೆಯಲ್ಲಿ ಈಗ ಹೆರಿಗೆಗೆ ಇಬ್ಬರು ದಾಖಲಾಗಿದ್ದಾರೆ.

ಮಧ್ಯಾಹ್ನದ ಬಸ್ಸಿಗೆ, ಹೊಸ ಸರ್ವರ್ ಜೊತೆ ಸರಿಯಾಗಿ ನಡೆಯೋ ನನ್ನ ಲ್ಯಾಪ್‌ಟಾಪ್ ತಗೊಂಡು ಅಲ್ಲಿಗೆ ಹೊರಟೆ. ಅದನ್ನ ಅಲ್ಲೇ ಬಿಟ್ಟು, ಅದರಲ್ಲಿ ಆಂಬುಲೆನ್ಸ್ ಕೇಳೋದು ಅಮ್ಮನಿಗೆ ಕಲಿಸಿ ಬರ್ತೀನಿ. ಸಂಜೆಗೂ ಮೇಜಿನ ಮೇಲಿನ ಇದು ಕಾಯ್ತಾನೇ ಇದ್ರೆ ಪರದೆಯ ಫೋಟೋ ತೆಗೆದು ಮ್ಯಾನೇಜರ್‌ಗೆ ಕಳಿಸು. ನಂಬರ್ ಫ್ರಿಜ್ ಬಾಗಿಲ ಮೇಲಿದೆ. ಮರೀಬೇಡ ಕಣೋ.

ಗುಡ್ಡದ ಮೇಲೆ ಇಂಥ ಆಸ್ಪತ್ರೆಗಳು ಇನ್ನೂ ಇವೆ. ನನ್ನ ಹತ್ರ ಇರೋದು ಒಂದೇ ಲ್ಯಾಪ್‌ಟಾಪ್.

ಅಕ್ಕ