ಟೋಪಿ ಹಾಕಿಸಿಕೊಂಡವನು

ಬೆರ್ರಿಯೆಸಾ, ಸ್ಯಾನ್ ಹೋಸೆ
೧೨ ಮಾರ್ಚ್ ೨೦೦೦

ಪ್ರೀತಿಯ ಸತ್ಯಕ್ಕನಿಗೆ ವಿಭಾಳ ನಮಸ್ಕಾರಗಳು.

ನಿನ್ನ ಮೂರು ಕಾಗದಗಳೂ ಸೇರಿವೆ. ಉತ್ತರ ಬರೆಯದ್ದಕ್ಕೆ ಬೈದುಕೋ, ಬೇಡ ಅನ್ನುವುದಿಲ್ಲ. ‘ನಾವು ಕ್ಷೇಮ’ ಎಂದು ಬರೆಯಲು ಕೂತಾಗಲೆಲ್ಲ ಪೆನ್ನು ಅಲ್ಲೇ ನಿಲ್ಲುತ್ತಿತ್ತು. ಇವತ್ತು ಆ ಸಾಲನ್ನೇ ಬಿಟ್ಟು ಶುರು ಮಾಡಿದ್ದೇನೆ.

‘ವಿಭಾಳ ದೊರೆ’ ಎಂದು ನೀವೆಲ್ಲ ಆಡಿಕೊಳ್ಳುತ್ತಿದ್ದ ನನ್ನ ಗಂಡ ಡೆರೆಕ್‌ನ ಕೋಚ್ ಕೆಲಸ ಹೋಯಿತು. ಇಂಗ್ಲೆಂಡಿಗೆ ಆಡಿದ ಆಟಗಾರ ಎಂದು ಇಲ್ಲಿನ ರಗ್ಬಿ ಕ್ಲಬ್ಬಿನವರು ಕುಣಿದುಕೊಂಡು ಕರೆಸಿಕೊಂಡಿದ್ದರು. ಹೋದ ತಿಂಗಳು ಅಭ್ಯಾಸದ ನಡುವೆ ಎಲ್ಲರನ್ನೂ ಮೈದಾನದಲ್ಲೇ ಬಿಟ್ಟು ಕಾರು ಹತ್ತಿದವನು, ಫ್ರೀವೇ ಹಿಡಿದು ಮೂವತ್ತು ಮೈಲಿ ಆಚೆಯ ಗಿಲ್‌ರಾಯ್ ತಲುಪಿದ್ದ. ಗ್ಯಾಸ್ ಸ್ಟೇಷನ್ನಿನಿಂದ ಫೋನು ಮಾಡಿ, “ವಿಭಾ, ಮನೆಗೆ ಯಾವ ಕಡೆ ತಿರುಗ್ಬೇಕು?” ಅಂದ. ನಲವತ್ತೆರಡು ವರ್ಷ ಅಕ್ಕ, ಅವನಿಗೆ! ಕ್ಲಬ್ಬಿನವರು ಮಾರನೆಯ ದಿನ ಒಂದು ಹೂಗುಚ್ಛ ಕಳಿಸಿ ಕೈತೊಳೆದುಕೊಂಡರು.

ಹದಿನಾಲ್ಕು ವರ್ಷ ಸ್ಕ್ರಮ್ಮಿನ ಮೊದಲ ಸಾಲಿನಲ್ಲಿ ನಿಂತವನು. ಅತ್ತ ಎಂಟು ಜನ, ಇತ್ತ ಎಂಟು ಜನ, ಟಗರುಗಳ ಹಾಗೆ ತಲೆಗೆ ತಲೆ ಕೊಟ್ಟು ತಳ್ಳುವುದು. ವಾರವೆಲ್ಲ ಊರವರ ಕೊಳಾಯಿ ರಿಪೇರಿ, ಶನಿವಾರ ಪುಕ್ಕಟೆ ಆಟ. ಅವನು ಬೂಟು ಬಿಚ್ಚಿಟ್ಟ ಮರುವರ್ಷವೇ ಆಟಗಾರರಿಗೆ ಸಂಬಳ ಶುರುವಾಯಿತು. ಹಣೆಬರಹ! ಇವನಿಗೆ ದಕ್ಕಿದ್ದು ಒಂದೇ ಒಂದು ಟೋಪಿ. ದೇಶಕ್ಕೆ ಆಡಿದವರಿಗೆ ಅಲ್ಲಿ ಕುಚ್ಚಿನ ಟೋಪಿ ಕೊಡುತ್ತಾರೆ. ‘ಇಂಗ್ಲೆಂಡಿನವರು ಡೆರೆಕ್‌ಗೆ ಟೋಪಿ ಹಾಕಿದರು’ ಎಂದು ನಾನು ಸಂಭ್ರಮದಿಂದ ಬರೆದರೆ, ಅಪ್ಪ ಗಾಬರಿಯಾಗಿ ಟ್ರಂಕ್ ಕಾಲ್ ಮಾಡಿ, “ಅಳಿಯಂದ್ರಿಗೆ ಮೋಸ ಮಾಡಿದ್ದು ಯಾರಮ್ಮಾ?” ಅಂದಿದ್ದರಲ್ಲ! ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅಪ್ಪನೇ ಸರಿಯಾಗಿ ಓದಿದ್ದರು.

ನನ್ನ ಪಾಡು ಕೇಳಿದ್ದೀಯ. ಇಲ್ಲಿ ಡಾಕ್ಟರಿಕೆ ಮಾಡಬೇಕೆಂದರೆ ಮತ್ತೆ ಪರೀಕ್ಷೆ ಬರೆಯಬೇಕು. ಅದರ ಬದಲು ಒಂದು ಡಾಟ್‌ಕಾಮ್ ಕಂಪನಿಯಲ್ಲಿ ಕೂತು, ಮುಖ ನೋಡದವರ ತಲೆನೋವಿಗೆಲ್ಲ ಈಮೇಲಿನಲ್ಲಿ ಬುದ್ಧಿ ಹೇಳುತ್ತೇನೆ. ಶೇರು ಏರಿತೆಂದು ದಿನಾ ಕೇಕು ಕತ್ತರಿಸುತ್ತಾರೆ. ಮೈ ಉರಿಯುತ್ತದೆ.

ಮಂಗಳವಾರ ಅವನನ್ನು ಓಕ್ಲ್ಯಾಂಡ್‌ನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನರರೋಗದ ಡಾಕ್ಟರು ಮಿದುಳಿನ ಚಿತ್ರಗಳನ್ನು ನೋಡಿ, ಇದು ಗುಣವಾಗುವುದಲ್ಲ, ಇನ್ನೂ ಹೆಚ್ಚುತ್ತದೆ ಎಂದರು. ಆಮೇಲೆ, “ತಲೆಗೆ ಪೆಟ್ಟು ಬಿದ್ದ ಮೇಲೂ ಆಟ ಮುಂದುವರಿಸಿದ್ದುಂಟಾ?” ಎಂದು ಕೇಳಿದರು. ಡೆರೆಕ್ ನನ್ನ ಕೈ ತಟ್ಟಿ, “ನಮ್ಮ ಟೀಮಿಗೆ ಇವಳೇ ಡಾಕ್ಟರು. ಬಿಡ್ತಿದ್ಲಾ?” ಎಂದು ನಕ್ಕ. ನಾನೂ ನಕ್ಕೆ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ಗಟ್ಟಿಮುಟ್ಟಾಗಿರಲಿ, ಚಿಕ್ಕಮ್ಮನ ಆಶೀರ್ವಾದ ಅವರ ಮೇಲೆ ಸದಾ ಇರುತ್ತದೆ.

ನಿನ್ನ ತಂಗಿ,
ವಿಭಾ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಆ ಟೋಪಿ ಸಿಗುವ ಮುಂಚೆ, ಇಂಗ್ಲೆಂಡ್ ತಂಡದ ಆಯ್ಕೆಗಾರರು ನೋಡಲು ಬಂದಿದ್ದ ಪಂದ್ಯದಲ್ಲಿ ಯಾರದೋ ಮೊಣಕಾಲು ಬಡಿದು ಡೆರೆಕ್ ಬಿದ್ದ. ಓಡಿಹೋಗಿ, ಹತ್ತರವರೆಗೆ ಎಣಿಸು ಅಂದೆ. ಏನೇನೋ ತೊದಲಿದ, ತಲೆಬುಡವಿಲ್ಲದ ಸದ್ದು. ನನ್ನ ಗುರುತೇ ಅವನಿಗೆ ಹತ್ತಲಿಲ್ಲ. ರೆಫರಿ, “ಏನು ಹೇಳ್ತಿದ್ದಾನೆ?” ಅಂದ. ಅವನು ಇಂಗ್ಲೆಂಡಿಗೆ ಆಡಬೇಕೆಂಬ ಆಸೆ ಅವನಿಗಿಂತ ನನಗೇ ಹೆಚ್ಚಾಗಿತ್ತು ಅಕ್ಕ. “ಕನ್ನಡದಲ್ಲಿ ಎಣಿಸ್ತಿದ್ದಾನೆ, ನಾನೇ ಕಲಿಸಿದ್ದು. ಎಲ್ಲಾ ಸರಿಯಾಗಿದೆ, ಆಡ್ಲಿ” ಅಂದೆ. ಆಗ ಅವನಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ.