ಎಂಜಿನ್ ನಿಂತ ಮೇಲೆ

ಹೆನಾದೊ ದ್ವೀಪ,
ಅಕ್ಟೋಬರ್ ೧೪

ನನ್ನ ಕಣ್ಮಣಿ ಯುನ್ಜು,

ಫೋನಿನಲ್ಲಿ ನೀನು ನನ್ನ ಮಂಡಿ ನೋವು ಕೇಳುತ್ತೀಯ, ನಾನು ಮೊಮ್ಮಗಳು ಬೊಮಿಯ ಶಾಲೆ ಕೇಳುತ್ತೇನೆ, ಇಬ್ಬರೂ ಚೆನ್ನಾಗಿದ್ದೇವೆ ಅಂತ ಹೇಳಿ ಇಟ್ಟುಬಿಡುತ್ತೇವೆ. ಐದು ವರ್ಷದಿಂದ ಹೀಗೇ ನಡೆದಿದೆ. ಅಪ್ಪನ ಹೆಸರನ್ನು ನೀನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಈಗ ಎತ್ತಲೇಬೇಕಾಗಿದೆ. ಬಾಯಲ್ಲಿ ಹೇಳಲು ಹೋದರೆ ಅಳು ಬಂದು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆ ಕೂತು ಬರೆಯುತ್ತಿದ್ದೇನೆ. ಗಾಬರಿಯಾಗಬೇಡ. ಅವರು ಗಟ್ಟಿಯಾಗಿದ್ದಾರೆ. ಈಗ ಗುಡ್ಡದ ಮೇಲೆ ಸೋಲಾರ್ ಪ್ಯಾನಲ್‌ಗಳನ್ನು ಒರೆಸುತ್ತಿದ್ದಾರೆ. ಕಡಲ ಹಕ್ಕಿಗಳ ಹಿಕ್ಕೆ, ಗಾಳಿ ತಂದ ಉಪ್ಪಿನ ಪೊರೆ, ಇವು ಕೂತರೆ ಬಿಸಿಲಿದ್ದೂ ಕರೆಂಟ್ ಹುಟ್ಟುವುದಿಲ್ಲ ಅಂತ ನೀನೇ ಕಲಿಸಿಕೊಟ್ಟಿದ್ದೆ. ಜ್ವರ ಬಂದಾಗಲೂ ಆ ಕೆಲಸ ಬಿಟ್ಟವರಲ್ಲ.

ನೀನು ಹುಟ್ಟಿದ್ದು ಎಂಜಿನ್ ಮನೆಗೆ ಅಂಟಿಕೊಂಡ ಕೋಣೆಯಲ್ಲಿ. ಗೋಡೆಯಾಚೆ ಅಪ್ಪ ನಡೆಸುತ್ತಿದ್ದ ಆ ಡೀಸೆಲ್ ಎಂಜಿನ್ ಗುಡುಗುತ್ತಿದ್ದರೆ ಇಡೀ ದ್ವೀಪಕ್ಕೆ ದೀಪ. ನಮ್ಮ ಮನೆಯಲ್ಲಿ ಮಾತು ಅಂದರೆ ಕೂಗು. 'ಉಪ್ಪು ಕೊಡು' ಅನ್ನುವುದನ್ನೂ ಜಗಳಕ್ಕೆ ನಿಂತವರ ಹಾಗೆ ಕೂಗಿ ಹೇಳುತ್ತಿದ್ದೆವು. ಗ್ವಾಂಗ್ಜುವಿನ ಹಾಸ್ಟೆಲ್ ಸೇರಿದ ಹೊಸದರಲ್ಲಿ 'ಇಲ್ಲಿಯವರೆಲ್ಲ ನನ್ನನ್ನು ಜಗಳಗಂಟಿ ಅಂತಾರೆ ಅಮ್ಮ' ಅಂತ ನೀನು ಬರೆದಿದ್ದೆ. ನಾನೂ ಅಪ್ಪನೂ ಓದಿ ನಕ್ಕಿದ್ದೆವು.

ಆಮೇಲೆ ನೀನು ಎಂಜಿನಿಯರ್ ಆಗಿ ಇಲ್ಲಿಗೇ ಸೋಲಾರ್ ತಂದೆ. ಊರಿನ ಸಭಾಮನೆಯಲ್ಲಿ ಎಲ್ಲರನ್ನೂ ಕೂರಿಸಿ ವಿವರಿಸಿದ್ದು ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಒಂದೊಂದು ಮಾತೂ ನೆನಪಿದೆ. ಬಿಸಿಲು ಬಿದ್ದಾಗ ಪ್ಯಾನಲ್ ಕರೆಂಟ್ ಹುಟ್ಟಿಸುತ್ತದೆ, ನಾವು ಬಳಸಿ ಉಳಿದದ್ದು ಬ್ಯಾಟರಿಗೆ ಹೋಗಿ ಕೂರುತ್ತದೆ, ಆ ಕರೆಂಟ್ ನಮ್ಮ ಮನೆಯ ಸಾಮಾನಿಗೆ ನೇರವಾಗಿ ಒಗ್ಗುವುದಿಲ್ಲ, ಅದನ್ನು ಒಗ್ಗಿಸಿ ಕಳಿಸಲು ನಡುವೆ ಇನ್ವರ್ಟರ್ ಅನ್ನುವ ಪೆಟ್ಟಿಗೆ ಇರುತ್ತದೆ ಅಂದೆ. ಆಗ ಪಕ್ಕದ ಮನೆಯ ಒಕ್ಜಾ ಎದ್ದು, "ಅಂದ್ರೆ ಹೆಚ್ಚಾದ ಮೀನಿಗೆ ಉಪ್ಪು ಹಾಕಿ ಜಾಡಿಲಿ ಇಡ್ತೀವಲ್ಲ, ಹಾಗೇನಮ್ಮ?" ಅಂದಳು.

"ಹಾಗೇ ಚಿಕ್ಕಮ್ಮ. ಆದ್ರೆ ಈ ಜಾಡಿಲಿ ತಳ ಕಾಣೋವರೆಗೂ ತೆಗೀಬಾರದು. ಐದರಲ್ಲೊಂದು ಪಾಲು ಉಳಿಸ್ಲೇಬೇಕು. ಬರಿದು ಮಾಡಿದ್ರೆ ಜಾಡಿನೇ ಕೆಡುತ್ತೆ."

"ಮಳೆಗಾಲದಲ್ಲಿ ವಾರಗಟ್ಲೆ ಸೂರ್ಯನ ಮುಖಾನೇ ಕಾಣಲ್ವಲ್ಲ, ಆಗ?"

"ಆಗ ನಮ್ಮಪ್ಪನ ಎಂಜಿನ್ ಇರುತ್ತೆ. ತಾನಾಗಿ ಶುರುವಾಗೋ ಯಂತ್ರ ಬರೋವರೆಗೂ ಅಪ್ಪನೇ ಶುರು ಮಾಡ್ತಾರೆ. ಬ್ಯಾಟರಿ ಕೋಣೆ ಜವಾಬ್ದಾರಿ ಅವರದೇ. ಅವರಿಗೆ ನಾನು ಹೊಣೆ ಅಂತ ಆಫೀಸಲ್ಲಿ ಹೇಳಿದೀನಿ."

ಎಲ್ಲರೂ ತಿರುಗಿ ಅವರನ್ನು ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ಅವರು ಸುಮ್ಮನೆ ತಲೆಯಾಡಿಸಿದರು. ನಗಲಿಲ್ಲ. ಮಗಳೇ ಬಂದು ತನ್ನ ಎಂಜಿನ್ನನ್ನು ಮೂಲೆಗೆ ತಳ್ಳಿದಳು ಅಂತ ಒಳಗೇ ಕುದಿಯುತ್ತಿದ್ದಾರೆ ಅಂದುಕೊಂಡರು ಜನ. ನಾನೂ ಹಾಗೇ ಅಂದುಕೊಂಡೆ. ಮನೆಗೆ ಹೋಗುವಾಗ ದಾರಿಯಲ್ಲಿ "ಯುನ್ಜು ಏನಂದ್ಲು?" ಅಂತ ಕೇಳಿದರು. "ನೀವೂ ಅಲ್ಲೇ ಇದ್ರಲ್ಲ!" ಅಂತ ಸಿಡುಕಿದೆ. ಅವರು ಮತ್ತೆ ಕೇಳಲಿಲ್ಲ.

ಎಂಜಿನ್ ನಿಂತ ದಿನ ಊರಿಗೇ ವಿಚಿತ್ರವಾಗಿತ್ತು. ಅಲೆಯ ಸದ್ದು ಕೇಳಿಸಿತು. ಯಾರದೋ ಮನೆಯ ಬಾಣಲೆಯಲ್ಲಿ ಮೀನು ಚುರುಗುಟ್ಟುವುದು ಕೇಳಿಸಿತು. ಒಕ್ಜಾ ತನ್ನ ಗಂಡನಿಗೆ ಏನೇನು ಬೈಯುತ್ತಾಳೆ ಅಂತ ಎಲ್ಲರಿಗೂ ಗೊತ್ತಾಗಿಹೋಯಿತು. ಒಂದು ವಾರದಲ್ಲಿ ಜನ ದನಿ ತಗ್ಗಿಸಿದರು, ಪೇಟೆಯವರ ಹಾಗೆ ಮೆತ್ತಗೆ ಮಾತಾಡಲು ಕಲಿತರು. ನಾನೂ ಕಲಿತೆ. ಆಗಲೇ ನಿನ್ನ ಅಪ್ಪ ಮೂಕರಾಗುತ್ತಾ ಬಂದದ್ದು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಟಿವಿ ಮುಂದೆ ಕೂರುವುದು ಬಿಟ್ಟರು. ಯಾರಾದರೂ ಬಂದರೆ ಬಲೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಬೊಮಿ ಫೋನಿನಲ್ಲಿ "ತಾತಾ" ಅಂದರೆ "ಹೂಂ, ಹೂಂ" ಅಂದು ಫೋನನ್ನು ನನ್ನ ಕೈಗೆ ತುರುಕುತ್ತಿದ್ದರು. "ತಾತಂಗೆ ನಾನಂದ್ರೆ ಇಷ್ಟ ಇಲ್ವಾ ಅಜ್ಜಿ?" ಅಂತ ಮಗು ಕೇಳಿದ್ದು ನಿನಗೆ ಹೇಳಿರಲಿಲ್ಲ. ಕೆಲಸ ಹೋದ ಗಂಡಸಿನ ಸಿಟ್ಟು, ಕಾಲ ಕಳೆದ ಹಾಗೆ ಇಳಿಯುತ್ತದೆ ಅಂದುಕೊಂಡು ಸುಮ್ಮನಿದ್ದೆ.

ಮುಂದಿನ ಮಳೆಗಾಲದಲ್ಲಿ ಆ ಮಳೆ ಹಿಡಿಯಿತು. ಹಗಲೂ ಮಂಜು, ಗುಡ್ಡವೇ ಕಾಣದಷ್ಟು. ಪ್ಯಾನಲ್‌ಗಳು ಹೆಸರಿಗೆ ಮಾತ್ರ ಇದ್ದವು. ಹಾಸಿಗೆ ಬಟ್ಟೆ ಬೂಸಲು ಹಿಡಿಯುತ್ತದೆ ಅಂತ ಎಲ್ಲರ ಮನೆಯಲ್ಲೂ ತೇವ ಹೀರುವ ಯಂತ್ರ ಓಡುತ್ತಿತ್ತು. ಬ್ಯಾಟರಿ ಇಳಿಯುತ್ತಲೇ ಹೋಯಿತು. ಗ್ವಾಂಗ್ಜುವಿನ ಆಫೀಸಿನಲ್ಲಿ ಕೂತು ನೀನು ಅದನ್ನು ಕಂಪ್ಯೂಟರಿನಲ್ಲಿ ನೋಡಿ, ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದೆ. ಐದರಲ್ಲೊಂದು ಪಾಲಿಗೆ ಬಂದಿದೆ, ಎಂಜಿನ್ ಶುರು ಮಾಡಿ ಅಂದೆ. ಅವರು ಹೂಂ ಅಂದರು. ನೀನು ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ ಹೂಂ ಅಂದರು. ಫೋನ್ ಇಟ್ಟು ಬ್ಯಾಟರಿ ಕೋಣೆಯಲ್ಲೇ ಕೂತಿದ್ದರು, ಎಚ್ಚರಿಕೆಯ ಗಂಟೆ ತಲೆಯ ಮೇಲೇ ಕೂಗುತ್ತಿತ್ತು, ಆದರೂ ಏಳಲಿಲ್ಲ. ಬ್ಯಾಟರಿ ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಾಗಿಲು ಹಾಕಿಕೊಂಡಿತು, ಊರೆಲ್ಲ ಕರೆಂಟ್ ಹೋಯಿತು. ದೀಪ ಆರಿದ್ದು ಕಂಡ ಮೇಲೆ ಓಡಿಹೋಗಿ ಎಂಜಿನ್ ಶುರು ಮಾಡಿದರಂತೆ. ಆದರೆ ತಣ್ಣಗೆ ನಿಂತುಬಿಟ್ಟಿದ್ದ ಎಂಜಿನ್, ಹಿಡಿದುಕೊಳ್ಳಲು ಹೊತ್ತು ತೆಗೆದುಕೊಂಡಿತು. ಅಷ್ಟರಲ್ಲಿ ಯೊಂಗ್ಬೊಕ್ ಸಾಕಿದ್ದ ಮೀನುಮರಿಗಳ ತೊಟ್ಟಿಗೆ ಗಾಳಿ ಊದುವ ಪಂಪು ನಿಂತು ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು.

ಮರುದಿನದ ಹಡಗಿಗೆ ನೀನು ಬಂದೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನಾವಿಬ್ಬರೂ ಅದನ್ನು ಒಂದೇ ರೀತಿ ತಪ್ಪಾಗಿ ನೋಡಿದೆವು. ಹಡಗುಕಟ್ಟೆಯಲ್ಲಿ ಯೊಂಗ್ಬೊಕ್ ನಿನ್ನ ಎದುರು ನಿಂತು, "ನಿಮ್ಮಪ್ಪ ಬೇಕು ಅಂತಾನೇ ಮಾಡಿದ್ದು ಕಣಮ್ಮ. ಸೋಲಾರ್ ಕೈಕೊಡ್ತು ಅಂತ ನಮಗೆಲ್ಲ ತೋರ್ಸಕ್ಕೆ," ಅಂದ. ನೀನು ಅಪ್ಪನ ಕಡೆ ತಿರುಗಿದೆ. "ಅಪ್ಪ, ನಾನು ಫೋನಲ್ಲಿ ಹೇಳಿದ್ದು ನಿಮಗೆ ಕೇಳಿಸ್ತೋ ಇಲ್ವೋ? ಅಷ್ಟು ಹೇಳಿ ಸಾಕು."

ಅವರು ನಿನ್ನ ಮುಖವನ್ನೇ ನೋಡುತ್ತಾ, "ಕೇಳಿಸ್ತು," ಅಂದರು.

"ಹಾಗಾದ್ರೆ ನನ್ನ ಮೇಲಿನ ಸಿಟ್ಟಿಗೆ ಇವರ ಅನ್ನ ಕಿತ್ಕೊಂಡ್ರಿ," ಅಂದು ನೀನು ಮನೆಗೂ ಬರದೆ ಅದೇ ಹಡಗಿನಲ್ಲಿ ವಾಪಸ್ ಹೋದೆ. ನಾನು ನಿನಗಾಗಿ ಕಡಲಪಾಚಿಯ ಸಾರು ಮಾಡಿಟ್ಟಿದ್ದೆ. ಅವತ್ತು ಯಾರೂ ಉಣ್ಣಲಿಲ್ಲ.

ಆಮೇಲೆ ತಾನಾಗಿ ಶುರುವಾಗುವ ಯಂತ್ರ ಬಂತು. ಅಪ್ಪನನ್ನು ತೆಗೆಯಬೇಕು ಅಂತ ಮಾತಾಯಿತು, ಆದರೆ ಪ್ಯಾನಲ್ ಒರೆಸಲು, ಕೋಣೆ ಗುಡಿಸಲು ಬೇರೆ ಯಾರೂ ಮುಂದೆ ಬರಲಿಲ್ಲ. ಅವರೇ ಮಾಡಿಕೊಂಡು ಹೋದರು. ಹಡಗುಕಟ್ಟೆಯಲ್ಲಿ ಅವರನ್ನು ಮಾತಾಡಿಸುವವರಿರಲಿಲ್ಲ. ನಾನೂ ಎಷ್ಟೋ ಸಲ ಬೆನ್ನ ಹಿಂದೆ ನಿಂತು ಗೊಣಗಿದ್ದೇನೆ. ತಿರುಗಿ ನೋಡದಿದ್ದಾಗ, ಎಂಥ ಕಲ್ಲು ಮನಸ್ಸಪ್ಪ ಇದು ಅಂದುಕೊಂಡಿದ್ದೇನೆ.

ಈ ಚುಸೊಕ್ ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಬ್ಯಾಟರಿ ಕೋಣೆಗೆ ಹೋದೆ. ಬಾಗಿಲು ತೆರೆಯುತ್ತಿದ್ದ ಹಾಗೆ ಕಿವಿ ಕೊರೆಯುವ ಹಾಗೆ ಕೀಂ ಕೀಂ ಅಂತ ಸದ್ದು. ಒಳಗಿನ ಫ್ಯಾನು ನಿಂತು ಕೋಣೆ ಬಿಸಿಯಾಗಿತ್ತು. ಅವರು ಆ ಗಂಟೆಯ ಕೆಳಗೇ, ಅದಕ್ಕೆ ಬೆನ್ನು ಹಾಕಿ ಕೂತು, ಆರಾಮಾಗಿ ಬಲೆ ಹೊಲಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಎದುರಿಗೆ ಹೋಗಿ ನಿಂತು, "ಅಷ್ಟು ಕೂಗ್ತಿದೆಯಲ್ರೀ, ಎದ್ದು ನೋಡಬಾರದಾ?" ಅಂದೆ.

ಅವರು ಕಿಟಕಿಯ ಕಡೆ ನೋಡಿದರು. "ಏನು, ಹಕ್ಕಿನಾ?" ಅಂದರು.

ಯುನ್ಜು, ಅವರು ತಮಾಷೆ ಮಾಡುತ್ತಿರಲಿಲ್ಲ. ಮುಖ ನೋಡಿದೆ, ಅಲ್ಲಿ ಮೊಂಡುತನ ಇರಲಿಲ್ಲ. ಸಿಕ್ಕಿಬಿದ್ದ ಶಾಲೆ ಹುಡುಗನ ಮುಖ ಅದು. ನಾನು ಬೆರಳು ಮಾಡಿ ತೋರಿಸಿದ ಮೇಲೆ ಕೆಂಪು ದೀಪ ಕಂಡು ಧಡಕ್ಕನೆ ಎದ್ದರು, ಬಾಗಿಲು ಕಿಟಕಿ ತೆರೆದರು, ಮಾಡಬೇಕಾದ್ದನ್ನೆಲ್ಲ ಕೈ ತಡವರಿಸದೆ ಮಾಡಿ ಸದ್ದು ನಿಲ್ಲಿಸಿದರು. ಆಮೇಲೆ ಇಬ್ಬರೂ ಬುತ್ತಿಯ ಎರಡೂ ಕಡೆ ಕೂತೆವು.

"ಯಾವಾಗಿಂದ?" ಅಂತ ಕೇಳಿದೆ. ತುಟಿ ನೋಡಿ ತಿಳಿದುಕೊಂಡರು.

"ಗೊತ್ತಿಲ್ಲ. ಎಂಜಿನ್ ಇದ್ದಾಗ ಅದರ ಸದ್ದಿಗೇ ಏನೂ ಕೇಳಿಸ್ತಿಲ್ಲ ಅಂದ್ಕೊಂಡಿದ್ದೆ. ಅದು ನಿಂತ್ರೆ ಎಲ್ಲಾ ಕೇಳಿಸುತ್ತೆ ಅಂತ ಕಾಯ್ತಿದ್ದೆ. ನಿಂತ ಮೇಲೆ ಒಳಗೆ ಏನೂ ಇರ್ಲಿಲ್ಲ."

ಊರೆಲ್ಲ ಕೂಗಿ ಮಾತಾಡುತ್ತಿದ್ದಾಗ ಅವರ ಕಿವುಡು ಯಾರಿಗೂ ಕಾಣಲಿಲ್ಲ. ಎಂಜಿನ್ ಮನೆಯವರು ಮೊದಲಿನಿಂದಲೂ ಅರ್ಧ ತುಟಿ ನೋಡಿಯೇ ಮಾತು ತಿಳಿಯುವವರು. ಎಂಜಿನ್ ಕೆಟ್ಟರೆ ಅಂಗಾಲಿಗೆ ನೆಲ ಹೇಳುತ್ತಿತ್ತು. ಈ ಹೊಸ ಯಂತ್ರ ಮಾತಾಡುವುದು ಚೂಪಾದ ಸಣ್ಣ ದನಿಯಲ್ಲಿ. ಮೊಕ್ಪೊ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರೂ ಅದನ್ನೇ ಹೇಳಿದರು. ದೊಡ್ಡ ಸದ್ದಿನಲ್ಲಿ ಬದುಕಿದವರಿಗೆ ಮೊದಲು ಹೋಗುವುದು ಚೂಪಾದ ಸಣ್ಣ ದನಿಗಳು: ಗಂಟೆ, ಹಕ್ಕಿ, ಹೆಂಗಸರ ಮಾತು, ಮಕ್ಕಳ ಮಾತು. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರೆ, ಇವರು ಆಚೆ ಕೂತ ನರ್ಸ್ ಮುಖ ನೋಡಿಕೊಂಡು ಅಂದಾಜಿಗೆ ಒತ್ತುತ್ತಿದ್ದರು. ಆ ಹುಡುಗಿ ನಕ್ಕು, "ತಾತ, ಕಳ್ಳಾಟ ಆಡ್ಬೇಡಿ, ಗೋಡೆ ಕಡೆ ತಿರುಗಿ," ಅಂದಳು. ತಿರುಗಿ ಕೂತ ಮೇಲೆ ಬೆರಳು ಆಡಲೇ ಇಲ್ಲ. ಗಾಜಿನಾಚೆಯಿಂದ ಅವರ ಬೆನ್ನು ನೋಡುತ್ತಾ ನಿಂತಿದ್ದೆ. ಆ ಬೆನ್ನಿಗೇ ಇಷ್ಟು ವರ್ಷ ಬೈದಿದ್ದೆನಲ್ಲ ಅನ್ನಿಸಿತು.

ಕಿವಿಗೆ ಯಂತ್ರ ಹಾಕಿದ್ದಾರೆ. ಸದ್ದು ದೊಡ್ಡದಾಗುತ್ತದೆ, ಮಾತು ತಿಳಿಯಾಗುವುದಿಲ್ಲ, ಗೋಡೆಯಾಚೆ ಯಾರೋ ಮಾತಾಡಿದ ಹಾಗಿರುತ್ತದಂತೆ. ಇನ್ನೂ ಮೊದಲೇ ಬಂದಿದ್ದರೆ ಅಂತ ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಬೊಮಿಯ ದನಿ ಹೇಗಿದೆ ಅಂತ ಅವರಿಗೆ ಗೊತ್ತಿಲ್ಲ ಮಗಳೇ. ಇನ್ನು ಗೊತ್ತಾಗುವುದೂ ಇಲ್ಲ.

ಯೊಂಗ್ಬೊಕ್‌ಗೆ ನಾನೇ ಹೋಗಿ ಹೇಳಿದೆ. ಮಾರನೆಯ ದಿನ ಹಡಗುಕಟ್ಟೆಯಲ್ಲಿ ಅಪ್ಪನ ಮುಂದೆ ತಲೆ ತಗ್ಗಿಸಿ ನಿಂತು, "ಅಣ್ಣ, ತಪ್ಪಾಯ್ತು," ಅಂದ. "ಏನಂದೆ?" "ತಪ್ಪಾಯ್ತು ಅಂದೆ." "ಏನೂ?" ಕೊನೆಗೆ ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದ. ಮೊದಲನೇ ಸಲವೇ ಗೊತ್ತಾಗಿತ್ತು ಅಂತ ಮನೆಗೆ ಬಂದು ನನ್ನ ಹತ್ತಿರ ಹೇಳಿದರು. ಎಷ್ಟೋ ಕಾಲದ ಮೇಲೆ ಅವರು ನಕ್ಕಿದ್ದು ಅವತ್ತೇ.

ಅವತ್ತು ಹಡಗುಕಟ್ಟೆಯಲ್ಲಿ ನೀನು ಕೇಳಿದಾಗ 'ಕೇಳಿಸ್ತು' ಅಂತ ಯಾಕೆ ಅಂದರೋ. ನಾಚಿಕೆ ಇರಬೇಕು. ಗಂಡಸರಿಗೆ ಇಂಥದ್ದನ್ನು ಒಪ್ಪಿಕೊಳ್ಳುವುದು ಕಷ್ಟ.

ಬಾ ಅಂತ ಒತ್ತಾಯ ಮಾಡುವುದಿಲ್ಲ. ಕಳೆದ ವರ್ಷಗಳನ್ನು ನೀನು ಬಂದರೂ ತರಲಾಗುವುದಿಲ್ಲ. ಆದರೆ ತಿಳಿಯದೆ ಸಿಟ್ಟಿನಲ್ಲಿರುವುದಕ್ಕಿಂತ ತಿಳಿದಿರುವುದು ಮೇಲು ಅನ್ನಿಸಿತು. ಒಣಗಿಸಿದ ಮೀನನ್ನೂ ಎಲೆಕೋಸಿನ ಕಿಮ್ಚಿಯನ್ನೂ ಬೇರೆ ಕಟ್ಟಿ ಹಡಗಿಗೆ ಹಾಕಿದ್ದೇನೆ. ಬೊಮಿಗೆ ಖಾರ ಕಡಿಮೆ ಹಾಕಿದ್ದು ಚಿಕ್ಕ ಡಬ್ಬಿಯಲ್ಲಿದೆ.

ನಿನ್ನನ್ನು ದಿನಾ ನೆನೆಯುವ
ಅಮ್ಮ,
ಪಿಲ್‌ಸುನ್

ಇನ್ನೊಂದು ಮಾತು: ಲಕೋಟೆಗೆ ಹಾಕಿದ ಕಾಗದವನ್ನು ಮತ್ತೆ ತೆಗೆದಿದ್ದೇನೆ. ನಾಚಿಕೆ ಇರಬೇಕು ಅಂತ ಬರೆದೆನಲ್ಲ, ಅದು ಸುಳ್ಳು. ಆಸ್ಪತ್ರೆಯಿಂದ ಬರುವಾಗ ಹಡಗಿನಲ್ಲಿ ಅವರೇ ಹೇಳಿದರು. "ನನಗೆ ಹೊಣೆ ಅಂತ ಆಫೀಸಲ್ಲಿ ಮಾತು ಕೊಟ್ಟವಳು ಅವಳು. ಕಿವುಡನ್ನ ಕಾವಲಿಗೆ ಕೂರಿಸಿದ್ಲು ಅಂತ ಆಗಿದ್ರೆ ಅವಳ ಕೆಲಸ ಹೋಗ್ತಿತ್ತು. ಕೆಟ್ಟವನನ್ನ ಕೂರಿಸಿದ್ಲು ಅಂತಾದ್ರೆ, ತಪ್ಪು ಕೆಟ್ಟವನದು." ಈಗ ನೀನು ಆ ಆಫೀಸಿನಲ್ಲೇ ಇಲ್ಲವಲ್ಲ, ಬರೆದುಬಿಡುತ್ತೇನೆ ಅಂದೆ. ಬೇಡವೇ ಬೇಡ ಅಂದರು. "ಇಷ್ಟು ವರ್ಷ ಸಿಟ್ಟು ಇಟ್ಕೊಂಡು ಹೇಗೋ ಬದುಕಿದಾಳೆ. ಈಗ ಗೊತ್ತಾದ್ರೆ ಸಿಟ್ಟೂ ಹೋಗುತ್ತೆ, ಸಂಕಟ ಒಂದೇ ಉಳಿಯುತ್ತೆ," ಅಂದರು. ಅವರ ಮಾತು ಮೀರಿ ಬರೆದಿದ್ದೇನೆ. ಬಂದರೆ ಹಿಂದಿನಿಂದ ಕರೆಯಬೇಡ, ಬೆಚ್ಚಿಬೀಳುತ್ತಾರೆ. ಎದುರಿಗೆ ಬಂದು ನಿಲ್ಲು.