ಜಿರಳೆ ಕಾಲಿನ ವಾರ್ನಿಷ್

ತಮ್ಮಾ,

ಥೂ! ಬೆಳಿಗ್ಗೆ ಬರಿಗಾಲಲ್ಲಿ ಅಮ್ಮನ ಕೋಣೆಗೆ ಹೋದರೆ ಅಂಗಾಲು ಮರದ ನೆಲಕ್ಕೆ ಅಂಟಿಕೊಂಡಿತು. ಉಜ್ಜದೆ, ಗುಡಿಸದೆ, ಹಳೆಯ ಜಿಡ್ಡಿನ ಮೇಲೆಯೇ ವಾರ್ನಿಷ್ ಬಳಿದಿದ್ದೀಯಲ್ಲೋ ಮಹರಾಯ! ಬೆಕ್ಕಿನ ಕೂದಲು, ಬಿಸ್ಕತ್ತಿನ ಪುಡಿ, ಜಿರಳೆಯದೊಂದು ಕಾಲು, ಎಲ್ಲವೂ ಒಳಗಿನಿಂದ ಹೊಳೆಯುತ್ತಿವೆ. ನನಗೆ ತಿಂಡಿಯೇ ಸೇರಲಿಲ್ಲ.

ಅಮ್ಮ ಅದನ್ನು ನೋಡಿ, "ಕೆಲಸಕ್ಕೆ ಬಾರದ ಮರ ಕಣೇ, ಕಿತ್ತು ಬಿಸಾಕಿಸೋಣ" ಎಂದು ಟೈಲ್ಸ್‌ನವನಿಗೆ ಸಂಜೆ ಬರಲು ಹೇಳಿದ್ದಾಳೆ.

ಬೀರುವಿನ ಅಡಿಯಲ್ಲಿ, ನಿನ್ನ ಕುಂಚ ತಲುಪದ ಕಡೆ, ಅಂಗೈಯಗಲ ಕೆರೆದಿಟ್ಟಿದ್ದೇನೆ. ಬಗ್ಗಿ ಮೂಸಿ ನೋಡು. ತೊಗಲಿನಂಥ ವಾಸನೆ, ಜೇನಿನ ಬಣ್ಣ. ಅಪ್ಪಟ ತೇಗ ಕಣೋ!

ಇಡೀ ಕೋಣೆ ಇವತ್ತೇ ಆಗದು. ಬಾಗಿಲ ಬಳಿ ಚಾಪೆಯಗಲ ಮಾಡು, ಸಾಕು. ಮೊದಲು ಅಂಟನ್ನು ತಗಡಿನಿಂದ ಕೆರೆ. ಆಮೇಲೆ ಒರಟು ಉಪ್ಪುಕಾಗದ, ಕೊನೆಗೆ ನಯವಾದದ್ದು. ಮರದ ಎಳೆಯ ಉದ್ದಕ್ಕೇ ಉಜ್ಜು. ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಧೂಳು ಒರೆಸಿ ಎಣ್ಣೆ ಸವರು. ಬೆಕ್ಕನ್ನು ಹೊರಗೆ ಹಾಕು, ದಮ್ಮಯ್ಯ.

ಅಷ್ಟು ಜಾಗ ಹೊಳೆದರೆ, ನೆಲ ಕೀಳಿಸುವುದಿರಲಿ, ಟೈಲ್ಸ್‌ನವನ ಚಪ್ಪಲಿಯನ್ನು ಅಮ್ಮನೇ ಹೊಸ್ತಿಲಾಚೆ ಬಿಡಿಸುತ್ತಾಳೆ, ನೋಡುತ್ತಿರು.

ಜಿರಳೆ ಕಾಲನ್ನು ನೀನೇ ಎತ್ತು. ನಾನಂತೂ ಮುಟ್ಟಲಾರೆ.

ಅಕ್ಕ